ಅಮ್ಮನ ಕೆಳತುಟಿಯಿಂದ ಐದು ಗ್ರಂಥಿ ತೆಗೆದರು, ಅವುಗಳಲ್ಲಿ ಏನಿತ್ತು?

ಡೊಂಬಿವಲಿ ಮಗಳು · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ಅವರಿಗೆ 58 ವರ್ಷ. ಊರು ಕಾರ್ಕಳದ ಹತ್ತಿರ. ಮದುವೆಯಾಗಿ ಬಂದ ಮೇಲೆ 34 ವರ್ಷದಿಂದ ಡೊಂಬಿವಲಿಯಲ್ಲೇ ಇದ್ದಾರೆ.

ಎರಡು ವರ್ಷದಿಂದ ಬಾಯಿ ಒಣಗುತ್ತದೆ ಅನ್ನುತ್ತಿದ್ದರು. ನಾವು ನೀರು ಕುಡಿ ಅಂದೆವು. ದಿನಕ್ಕೆ ಮೂರು ಲೀಟರ್ ಕುಡಿಯುತ್ತಾರೆ, ಆದರೂ ಅದೇ ಮಾತು. ಅಲರ್ಜಿ ಮಾತ್ರೆಯಿಂದ ಇರಬಹುದು ಅಂತ ಅದನ್ನೂ ಆರು ತಿಂಗಳ ಹಿಂದೆ ನಿಲ್ಲಿಸಿದೆವು. ಏನೂ ಬದಲಾಗಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ನಾನೇ ಕಣ್ಣಾರೆ ನೋಡಿದೆ. ಚಪಾತಿಯ ಚೂರು ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ಕುಡಿದರು. ನೀರು ಇಳಿಯಿತು, ಚಪಾತಿ ಅಲ್ಲೇ ಇತ್ತು. ಕೊನೆಗೆ ಬೆರಳು ಹಾಕಿ ತೆಗೆದರು. "ನೀರು ಉಂಟು ಮಗಾ, ಜಾರುವುದೇ ಇಲ್ಲ" ಅಂದರು.

ಮೊದಲು ತೋರಿಸಿದ ಕಡೆ "ವಯಸ್ಸಾಯ್ತಲ್ಲ, ಹಾಗೇ" ಅಂತ ಕಳಿಸಿದರು. ಈಗ ತೋರಿಸುತ್ತಿರುವ ಸಂಧಿವಾತದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಎಸ್‌ಎಸ್‌ಎ ಅನ್ನುವ ಪ್ರತಿಕಾಯ ಇದೆಯಾ ಅಂತ ನೋಡಿದ್ದು, ನೆಗೆಟಿವ್ ಬಂತು. ಆಮೇಲೆ ಕೆಳತುಟಿಯ ಒಳಗಿನಿಂದ ಬಯಾಪ್ಸಿ ತೆಗೆಸಿದರು. ರಿಪೋರ್ಟಿನಲ್ಲಿ ಹೀಗಿದೆ: ಐದು ಸಣ್ಣ ಜೊಲ್ಲುಗ್ರಂಥಿ, ವಿಸ್ತೀರ್ಣ 12 ಚದರ ಮಿಲಿಮೀಟರ್, ಫೋಕಸ್ 6, ಫೋಕಸ್ ಸ್ಕೋರ್ 2.

ಒಣಗಿರುವುದು ಇಡೀ ಬಾಯಿ. ತುಟಿಯನ್ನೇ ಯಾಕೆ ಕೊಯ್ದರು? ಆ ಗ್ರಂಥಿಗಳಲ್ಲಿ ಎಂಥ ಕೋಶ ಇರುತ್ತವೆ, ಯಾವ ಕಿಣ್ವ ಬರುತ್ತದೆ? ಜೊಲ್ಲಿಲ್ಲದಿದ್ದರೆ ಅನ್ನ ಜೀರ್ಣವಾಗುವುದಿಲ್ಲ ಅಂತ ಅಪ್ಪನಿಗೆ ಹೆದರಿಕೆ. ಗುರುವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಅದಕ್ಕೆ ಮೊದಲು ಸ್ವಲ್ಪ ಅರ್ಥ ಮಾಡಿಕೊಂಡರೆ ಸರಿಯಾಗಿ ಕೇಳಬಹುದು ಅಂತ.

ಕುರ್ಲಾ ಕ್ಯಾಂಟೀನ್ · ರಾತ್ರಿ 10:05

ನಮ್ಮ ಅತ್ತೆಗೂ ಹೀಗೇ ಇತ್ತು. ಲವಂಗ ಬಾಯಲ್ಲಿಟ್ಟುಕೊಳ್ಳುತ್ತಿದ್ದರು. ಗೊತ್ತಿದ್ದವರು ಹೇಳಲಿ, ನಾನೂ ಓದುತ್ತೇನೆ.

ಪ್ಯಾರಾಫಿನ್ ಪುಣೆ · ರಾತ್ರಿ 11:20

ಮೇಡಂ, ನಾನು ಪುಣೆಯ ಒಂದು ಪೆಥಾಲಜಿ ಲ್ಯಾಬಿನಲ್ಲಿ 19 ವರ್ಷದಿಂದ ಸ್ಲೈಡ್ ಮಾಡುತ್ತೇನೆ. ರೋಗ ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಇಂಥ ತುಟಿಯ ತುಂಡುಗಳು ನನ್ನ ಕೈಯಲ್ಲಿ ಎಷ್ಟೋ ಹಾದುಹೋಗಿವೆ. ಅಮ್ಮನ "ಜಾರುವುದೇ ಇಲ್ಲ" ಅನ್ನುವ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಷ್ಟು ಸರಿಯಾಗಿ ಹೇಳಿದ್ದಾರೆ.

ಬಾಯಿಗೆ ಜೊಲ್ಲು ಬರುವುದು ಎರಡು ಥರದ ಗ್ರಂಥಿಗಳಿಂದ. ದೊಡ್ಡವು ಮೂರು ಜೋಡಿ. ಕಿವಿಯ ಮುಂದೆ ಒಂದು ಜೋಡಿ, ದವಡೆಯ ಕೆಳಗೆ ಒಂದು, ನಾಲಿಗೆಯ ಕೆಳಗೆ ಒಂದು. ಸಣ್ಣವು 600ರಿಂದ 1000ದವರೆಗೆ ಇರುತ್ತವೆ. ತುಟಿಯ ಒಳಗೆ, ಕೆನ್ನೆಯ ಒಳಗೆ, ಅಂಗುಳದಲ್ಲಿ, ನಾಲಿಗೆಯಲ್ಲಿ, ಎಲ್ಲ ಕಡೆ. ಒಸಡಿನಲ್ಲಿ ಮತ್ತು ಗಟ್ಟಿ ಅಂಗುಳದ ಮುಂಭಾಗದಲ್ಲಿ ಮಾತ್ರ ಇಲ್ಲ. ಒಂದೊಂದರ ಅಗಲ 1ರಿಂದ 5 ಮಿಲಿಮೀಟರ್. ದೊಡ್ಡ ಗ್ರಂಥಿಗೆ ಇರುವ ಹಾಗೆ ಸುತ್ತಲೂ ಗಟ್ಟಿ ಚೀಲ ಇವಕ್ಕಿಲ್ಲ. ಒಂದು ಗಿಡ್ಡ ನಾಳ, ಅದು ನೇರ ಬಾಯಿಯೊಳಗೆ ತೆರೆದುಕೊಳ್ಳುತ್ತದೆ, ಅಷ್ಟೇ. ನಾಲಿಗೆಯ ತುದಿಯನ್ನು ಕೆಳತುಟಿಯ ಒಳಗೆ ಒತ್ತಿ ಆಚೆ ಈಚೆ ಆಡಿಸಿ ನೋಡಿ. ಸಾಸಿವೆ ಕಾಳಿನ ಹಾಗೆ ತಗಲುತ್ತವಲ್ಲ, ಅವೇ.

ನಮ್ಮ ಹತ್ತಿರ ಬರುವುದು ಫಾರ್ಮಾಲಿನ್ ತುಂಬಿದ ಪುಟ್ಟ ಡಬ್ಬಿಯಲ್ಲಿ. ಮುಚ್ಚಳ ತೆಗೆದು ಬೆಳಕಿಗೆ ಹಿಡಿದರೆ ತಳದಲ್ಲಿ ನೆನೆಸಿಟ್ಟ ಸಬ್ಬಕ್ಕಿಯ ಹಾಗೆ ನಾಲ್ಕಾರು ಉಂಡೆ. ಅವುಗಳ ನೀರು ತೆಗೆದು, ಮೇಣ ತುಂಬಿಸಿ, ಬ್ಲಾಕ್ ಮಾಡಿ, ಯಂತ್ರದ ಬ್ಲೇಡಿನಲ್ಲಿ ಹೆರೆಯುತ್ತೇವೆ. ಒಂದೊಂದು ಪದರ 4 ಮೈಕ್ರಾನ್, ಅಂದರೆ ಮಿಲಿಮೀಟರಿನ 250ರಲ್ಲಿ ಒಂದು ಭಾಗ. ಬ್ಲೇಡಿನಿಂದ ಪದರಗಳು ಒಂದಕ್ಕೊಂದು ಅಂಟಿ ರಿಬ್ಬನ್ ಹಾಗೆ ಬರುತ್ತವೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ಬಿಡಬೇಕು. ಸುಕ್ಕು ಬಿಚ್ಚಿಕೊಂಡು ಹರಡುತ್ತದೆ. ಕೆಳಗಿನಿಂದ ಗಾಜು ತೂರಿಸಿ ಮೆಲ್ಲಗೆ ಎತ್ತಬೇಕು. ಉಸಿರು ಜೋರಾಗಿ ಬಿಟ್ಟರೂ ಮಡಚಿಕೊಳ್ಳುತ್ತದೆ.

ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲು ಕೊಯ್ದಿಟ್ಟ ಹಾಗೆ. ಒಂದೊಂದು ದ್ರಾಕ್ಷಿಯೂ ಕೋಶಗಳ ಒಂದು ಸಣ್ಣ ಗುಂಪು. ಎರಡು ಮುಖ್ಯ ಜಾತಿಯ ಕೋಶ.

ಒಂದು ಲೋಳೆ ಕೋಶ. ದಿನವೂ ಹಾಕುವ ಗುಲಾಬಿ-ನೇರಳೆ ಬಣ್ಣವನ್ನು ಇದು ಸರಿಯಾಗಿ ಹಿಡಿಯುವುದಿಲ್ಲ. ನೊರೆಯ ಹಾಗೆ ತೆಳ್ಳಗೆ, ಬೆಳ್ಳಗೆ ಕಾಣುತ್ತದೆ. ಒಳಗೆ ಲೋಳೆ ತುಂಬಿ ತುಂಬಿ ಕೋಶಕೇಂದ್ರವನ್ನು ತಳಕ್ಕೆ ಒತ್ತಿರುತ್ತದೆ. ಅದು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಸೀರಸ್ ಕೋಶ, ತೆಳು ನೀರಿನಂಥ ರಸ ಮಾಡುವುದು. ಇದರಲ್ಲಿ ಕೇಂದ್ರ ದುಂಡಗೆ, ಒಳಗೆಲ್ಲ ಗಾಢ ಬಣ್ಣದ ಕಾಳು ಕಾಳು. ಕಿಣ್ವಗಳು ಇರುವುದು ಹೆಚ್ಚಾಗಿ ಆ ಕಾಳುಗಳಲ್ಲಿ.

ತುಟಿ ಮತ್ತು ಕೆನ್ನೆಯ ಗ್ರಂಥಿಗಳಲ್ಲಿ ಎರಡೂ ಇರುತ್ತವೆ, ಲೋಳೆ ಕೋಶ ಜಾಸ್ತಿ. ಅಂಗುಳದಲ್ಲಿ ಬರೀ ಲೋಳೆ. ಅಮ್ಮನಿಗೆ ಚಪಾತಿ ಅಂಟಿದ್ದು ಅಲ್ಲೇ ಅಲ್ವಾ?

ಈ ಗೊಂಚಲುಗಳನ್ನು ಇನ್ನೊಂದು ಕೋಶ ಹೊರಗಿನಿಂದ ಅಪ್ಪಿಕೊಂಡಿರುತ್ತದೆ. ಬುಟ್ಟಿ ಹೆಣೆದ ಹಾಗೆ ಕೈ ಚಾಚಿರುತ್ತದೆ. ಹೆಸರು ಮಯೋಎಪಿಥೀಲಿಯಲ್ ಕೋಶ. ಸ್ನಾಯುವಿನ ಹಾಗೆ ಕುಗ್ಗಿ ರಸವನ್ನು ನಾಳಕ್ಕೆ ಹಿಂಡುತ್ತದೆ. ಮಾಮೂಲಿ ಬಣ್ಣದಲ್ಲಿ ಇದು ಕಣ್ಣಿಗೆ ಬೀಳುವುದೇ ಕಷ್ಟ. ಆಕ್ಟಿನ್ ಹುಡುಕುವ ವಿಶೇಷ ಬಣ್ಣ ಹಾಕಿದರೆ ಕಂದು ಗೆರೆಯಾಗಿ ಎದ್ದು ಬರುತ್ತದೆ.

ನಿಮ್ಮ ರಿಪೋರ್ಟಿನ ಲೆಕ್ಕ ನಾಳೆ ಹೇಳುತ್ತೇನೆ. ಬೆಳಿಗ್ಗೆ ಏಳಕ್ಕೆ ಶಿಫ್ಟ್ ಇದೆ.

ಥಾಣೆ ಸ್ಲೋ ಲೋಕಲ್ · ಸೋಮವಾರ ಬೆಳಿಗ್ಗೆ 8:15

ರೈಲಿನಲ್ಲಿ ನಿಂತು ಓದುತ್ತಿದ್ದೇನೆ. ನಾಲಿಗೆ ಆಡಿಸಿ ನೋಡಿದೆ, ನಿಜವಾಗಿ ಕಾಳು ಕಾಳಾಗಿ ತಗಲುತ್ತವೆ!

ನನ್ನ ಮಗ ಕಬಡ್ಡಿ ಆಡುವಾಗ ಕೆಳತುಟಿ ಕಚ್ಚಿಕೊಂಡಿದ್ದ. ಹತ್ತು ದಿನ ಬಿಟ್ಟು ಒಳಗೆ ನೀಲಿ ಗುಳ್ಳೆ. ಒಡೆದರೆ ಅಂಟು ನೀರು ಬರುತ್ತಿತ್ತು, ಮತ್ತೆ ತುಂಬುತ್ತಿತ್ತು. ಕೊನೆಗೆ ಆಪರೇಷನ್ ಮಾಡಿ ತೆಗೆದರು. ಅದೂ ಇದೇ ಗ್ರಂಥಿಯಾ?

ಮಡಗಾಂವ್ ಹಲ್ಲು · ಬೆಳಿಗ್ಗೆ 9:40

ಹೌದು ಅಣ್ಣ, ಅದೇ. ನಾನು ಗೋವಾದಲ್ಲಿ ದಂತವೈದ್ಯೆ. ಅದಕ್ಕೆ ಮ್ಯೂಕೋಸೀಲ್ ಅನ್ನುತ್ತೇವೆ. ಕಚ್ಚಿದಾಗ ಗಿಡ್ಡ ನಾಳ ಹರಿಯುತ್ತದೆ. ಗ್ರಂಥಿಗೆ ಅದು ತಿಳಿಯುವುದಿಲ್ಲ, ಲೋಳೆ ಮಾಡುತ್ತಲೇ ಇರುತ್ತದೆ. ಹೊರಗೆ ದಾರಿ ಇಲ್ಲದೆ ಅದು ಚರ್ಮದಡಿ ಸೇರಿಕೊಳ್ಳುತ್ತದೆ. ಸುಮ್ನೆ ಚುಚ್ಚಿ ಒಡೆದರೆ ಮತ್ತೆ ಬರುತ್ತದೆ. ಗುಳ್ಳೆಯ ಜೊತೆ ಆ ಗ್ರಂಥಿಯನ್ನೂ ತೆಗೆಯಬೇಕು. ಎಲ್ಲಕ್ಕಿಂತ ಹೆಚ್ಚು ಕೆಳತುಟಿಯಲ್ಲೇ ಆಗುತ್ತದೆ, ಯಾಕೆಂದರೆ ಹಲ್ಲಿಗೆ ಸಿಗುವುದು ಅದೇ.

ಡೊಂಬಿವಲಿ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಸಂಧಿವಾತದ ಡಾಕ್ಟರು ಹುಡುಕುತ್ತಿರುವಂಥ ಕಾಯಿಲೆ ಎಲ್ಲ ಜೊಲ್ಲುಗ್ರಂಥಿಗಳಲ್ಲೂ ಒಂದೇ ರೀತಿಯ ಗುರುತು ಬಿಡುತ್ತದೆ. ಕಿವಿಯ ಮುಂದಿನ ದೊಡ್ಡ ಗ್ರಂಥಿಯನ್ನು ಕೊಯ್ಯಲು ಹೋದರೆ ಅದರ ನಡುವೆಯೇ ಮುಖದ ನರ ಹಾದುಹೋಗುತ್ತದೆ. ತುಟಿಯಲ್ಲಿ ಆ ಭಯ ಇಲ್ಲ. ನಡುಗೆರೆ ಬಿಟ್ಟು ಪಕ್ಕದಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣ ಗೀಟು ಹಾಕಿದರೆ ಗ್ರಂಥಿಗಳೇ ಉಬ್ಬಿ ಬರುತ್ತವೆ. ಅಲ್ಲಿ ತುಟಿಯ ನರದ ತೆಳು ಕವಲುಗಳಿವೆ, ಅದಕ್ಕೇ ಕೆಲವರಿಗೆ ಸ್ವಲ್ಪ ದಿನ ಜೋಮು ಇರುತ್ತದೆ. ಅಮ್ಮನಿಗೆ ಹಾಗೇನಾದರೂ ಇದ್ದರೆ ಗುರುವಾರ ಹೇಳಿ.

ಕುರ್ಲಾ ಅಣ್ಣ, ಒಣ ಬಾಯಿಗೆ ಲವಂಗ ಉರಿ ತರುತ್ತದೆ. ಕಲ್ಲುಸಕ್ಕರೆಯೂ ಬೇಡ. ಜೊಲ್ಲು ಕಮ್ಮಿ ಇರುವ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಆದೀತು.

ಮಾಟುಂಗಾ ಮೇಷ್ಟ್ರು · ಮಧ್ಯಾಹ್ನ 2:10

ಮುಂಬಯಿಯ ಕಾಲೇಜಿನಲ್ಲಿ 31 ವರ್ಷ ಜೀವರಸಾಯನ ಶಾಸ್ತ್ರ ಕಲಿಸಿ ನಿವೃತ್ತನಾದೆ. ಕಿಣ್ವದ ಮಾತು ಬಂದಿದೆ, ಬರೆಯದೆ ಇರಲಾರೆ.

ಮಗಳೇ, ಮೊದಲು ಅಪ್ಪನ ಹೆದರಿಕೆ. ಜೊಲ್ಲಿನ ಕಿಣ್ವ ಅಂದ ಕೂಡಲೇ ಎಲ್ಲರೂ ಹೇಳುವುದು ಅಮೈಲೇಸ್. ಅವಲಕ್ಕಿಯನ್ನು ಬಾಯಲ್ಲಿಟ್ಟು ನಿಧಾನ ಅಗಿದರೆ ಸಿಹಿಯಾಗುತ್ತದಲ್ಲ, ಪಿಷ್ಟವನ್ನು ಒಡೆದು ಮಾಲ್ಟೋಸ್ ಮಾಡುವ ಅಮೈಲೇಸಿನ ಕೆಲಸ ಅದು. ಆದರೆ ಅದರ ಬಹುಪಾಲು ಬರುವುದು ಕಿವಿಯ ಮುಂದಿನ ದೊಡ್ಡ ಗ್ರಂಥಿಯಿಂದ. ತುಟಿಯ ಗ್ರಂಥಿಯಲ್ಲಿ ಅಲ್ಪಸ್ವಲ್ಪ ಮಾತ್ರ. ಮತ್ತೆ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ, ಅದೂ ಅಮೈಲೇಸ್ ಸುರಿಸುತ್ತದೆ. ಜೊಲ್ಲು ಕಡಿಮೆಯಾದರೂ ಅನ್ನ ಜೀರ್ಣವಾಗುತ್ತದೆ. ತೊಂದರೆ ಇರುವುದು ನುಂಗುವುದರಲ್ಲಿ. ಅಪ್ಪನಿಗೆ ಇದನ್ನು ಇವತ್ತೇ ಹೇಳಿ.

ಸಣ್ಣ ಗ್ರಂಥಿಯ ಸೀರಸ್ ಕೋಶಗಳಲ್ಲಿ ನನಗೆ ಬಹಳ ಇಷ್ಟದ ಕಿಣ್ವ ಒಂದಿದೆ, ಲೈಸೋಜೈಮ್. ಅಲೆಕ್ಸಾಂಡರ್ ಫ್ಲೆಮಿಂಗ್ ಅದನ್ನು 1922ರಲ್ಲಿ ಪ್ರಕಟಿಸಿದರು. ನೆಗಡಿಯ ಸಿಂಬಳದಿಂದ ಸಿಕ್ಕಿದ್ದು. ಪೆನಿಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಬ್ಯಾಕ್ಟೀರಿಯದ ಗೋಡೆ ಎರಡು ಬಗೆಯ ಸಕ್ಕರೆಗಳನ್ನು ಒಂದಾದ ಮೇಲೊಂದು ಪೋಣಿಸಿದ ಸರ. ಲೈಸೋಜೈಮ್ ಆ ಎರಡರ ನಡುವಿನ ಕೊಂಡಿಯನ್ನೇ ಕತ್ತರಿಸುತ್ತದೆ. ಗೋಡೆ ಸಡಿಲವಾಗಿ, ನೀರು ನುಗ್ಗಿ, ಬ್ಯಾಕ್ಟೀರಿಯ ಒಡೆಯುತ್ತದೆ. ತರಗತಿಯಲ್ಲಿ ಮೋಡದ ಹಾಗೆ ಮಬ್ಬಾಗಿರುವ ಬ್ಯಾಕ್ಟೀರಿಯದ ದ್ರಾವಣಕ್ಕೆ ಮೊಟ್ಟೆಯ ಬಿಳಿಯ ಲೈಸೋಜೈಮ್ ಹಾಕುತ್ತಿದ್ದೆವು. ನೋಡನೋಡುತ್ತಾ ನಳಿಕೆ ತಿಳಿಯಾಗುತ್ತಿತ್ತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು.

ಜೊಲ್ಲಿನಲ್ಲಿ ಪೆರಾಕ್ಸಿಡೇಸ್ ಕೂಡ ಇದೆ, ಅದು ಮುಖ್ಯವಾಗಿ ದೊಡ್ಡ ಗ್ರಂಥಿಗಳಿಂದ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಥಯೋಸಯನೇಟ್ ಸೇರಿಸಿ ಕ್ರಿಮಿಗಳನ್ನು ತಡೆಯುವ ರಾಸಾಯನಿಕ ಮಾಡುತ್ತದೆ.

ಈಗ ನಾಲಿಗೆಯ ಹಿಂಭಾಗ. ಅಲ್ಲಿ V ಆಕಾರದಲ್ಲಿ 8ರಿಂದ 12 ದೊಡ್ಡ ರುಚಿ ಗುಬುಟುಗಳಿವೆ. ಒಂದೊಂದರ ಸುತ್ತಲೂ ಕೋಟೆಯ ಕಂದಕದ ಹಾಗೆ ಒಂದು ಕಾಲುವೆ. ಆ ಕಾಲುವೆಯ ತಳಕ್ಕೆ ತೆರೆದುಕೊಳ್ಳುವ ಗ್ರಂಥಿಗಳನ್ನು ಆಸ್ಟ್ರಿಯಾದ ವಿಕ್ಟರ್ ಫಾನ್ ಎಬ್ನರ್ ಹೆಸರಿನಿಂದ ಕರೆಯುತ್ತಾರೆ. ಸಣ್ಣ ಗ್ರಂಥಿಗಳಲ್ಲಿ ಇವು ಮಾತ್ರ ಪೂರಾ ಸೀರಸ್, ಲೋಳೆ ಇಲ್ಲ. ಹಳೆಯ ರುಚಿಯನ್ನು ತೊಳೆದು ಹೊಸ ರುಚಿಗೆ ಜಾಗ ಮಾಡುತ್ತವೆ. ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಕಿಣ್ವವೂ ಇಲ್ಲಿಂದಲೇ ಬರುತ್ತದೆ. ತುಪ್ಪದ ಜೀರ್ಣ ನಾಲಿಗೆಯ ಮೇಲೆಯೇ ಶುರುವಾಗುತ್ತದೆ ಅನ್ನುವುದು ಅದಕ್ಕೇ.

ಮಡಗಾಂವ್ ಹಲ್ಲು · ಮಧ್ಯಾಹ್ನ 3:30

ಸರ್, ಕೊನೆಯ ಮಾತಿಗೆ ಒಂದು ತಿದ್ದುಪಡಿ. ನಾಲಿಗೆಯ ಲೈಪೇಸ್ ಇಲಿಗಳಲ್ಲಿ ಜೋರಾಗಿದೆ, ನಿಜ. ದೊಡ್ಡ ಮನುಷ್ಯರಲ್ಲಿ ಅದರ ಪಾತ್ರ ಬಹಳ ಸಣ್ಣದು. ಹೊಟ್ಟೆಯ ಲೈಪೇಸ್ ಮತ್ತು ಮೇದೋಜೀರಕದ ಲೈಪೇಸ್ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪಠ್ಯಪುಸ್ತಕಗಳಲ್ಲಿ ಇಲಿಯ ಫಲಿತಾಂಶ ಮನುಷ್ಯನ ಹೆಸರಲ್ಲಿ ಸೇರಿಕೊಂಡುಬಿಟ್ಟಿದೆ.

ಮಾಟುಂಗಾ ಮೇಷ್ಟ್ರು · ಸಂಜೆ 4:05

ಒಪ್ಪಿದೆ ಮಗಳೇ. ನಾನು ಅಷ್ಟು ವರ್ಷ ಹಾಗೇ ಕಲಿಸಿದ್ದೆ. ತಿದ್ದಿದ್ದು ಒಳ್ಳೆಯದಾಯಿತು. ಆ ಗ್ರಂಥಿಯಿಂದ ಕಾರ್ಬಾನಿಕ್ ಅನ್‌ಹೈಡ್ರೇಸ್ 6 ಅನ್ನುವ ಕಿಣ್ವವೂ ಬರುತ್ತದೆ, ಅದು ಹುಳಿಯನ್ನು ಹತೋಟಿಯಲ್ಲಿಡಲು ನೆರವಾಗುತ್ತದೆ. ಅದು ಮನುಷ್ಯರಲ್ಲೂ ಇದೆ.

ಪ್ಯಾರಾಫಿನ್ ಪುಣೆ · ಸಂಜೆ 7:45

ಮೇಷ್ಟ್ರೇ, ಲೈಸೋಜೈಮ್ ನಳಿಕೆಯ ಕಥೆ ನಾನೂ ನೋಡಬೇಕಿತ್ತು.

ಡೊಂಬಿವಲಿಯವರೇ, ಲೆಕ್ಕ ಇಲ್ಲಿದೆ. ಸ್ಲೈಡಿನಲ್ಲಿ ಡಾಕ್ಟರು ಹುಡುಕುವುದು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಗುಂಪು. ಸಣ್ಣಗೆ, ದುಂಡಗೆ, ಕಡು ನೀಲಿ. 50 ಅಥವಾ ಅದಕ್ಕಿಂತ ಹೆಚ್ಚು ಒಟ್ಟಿಗೆ ಮುತ್ತಿಕೊಂಡಿದ್ದರೆ ಅದು ಒಂದು ಫೋಕಸ್. ಸಾಮಾನ್ಯವಾಗಿ ನಾಳದ ಸುತ್ತ ಇರುತ್ತದೆ. ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ ಕಾಣುತ್ತದೆ. 4 ಚದರ ಮಿಲಿಮೀಟರಿಗೆ ಎಷ್ಟು ಗುಂಪು ಅನ್ನುವುದೇ ಸ್ಕೋರ್. ನಿಮ್ಮದು 12ರಲ್ಲಿ 6, ಅಂದರೆ 4ಕ್ಕೆ 2. 1 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶೋಗ್ರೆನ್ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ದೇಹದ ರಕ್ಷಣೆಯ ಕಣಗಳೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ ಅದು. ಆ ಹೆಸರು ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ಅವರದು, 1933ರಲ್ಲಿ ಅವರು ಇದರ ಮೇಲೆ ಪ್ರಬಂಧ ಬರೆದಿದ್ದರು.

ಅಲ್ಲೊಂದು ಇಲ್ಲೊಂದು ಪ್ಲಾಸ್ಮಾ ಕೋಶ ಇದ್ದರೆ ಅದು ಕಾಯಿಲೆ ಅಲ್ಲ. ಎಲ್ಲರ ತುಟಿಯಲ್ಲೂ ಇರುತ್ತವೆ, ಇರಲೇಬೇಕು. ಅವು ಐಜಿಎ ಅನ್ನುವ ರಕ್ಷಣೆಯ ಪ್ರೋಟೀನ್ ಮಾಡಿ ಗ್ರಂಥಿಯ ಕೋಶಗಳ ಕೈಗೆ ಕೊಡುತ್ತವೆ. ಕೋಶಗಳು ಅದನ್ನು ಹೊತ್ತು ಜೊಲ್ಲಿಗೆ ದಾಟಿಸುತ್ತವೆ. ಬಾಯಿಯ ಐಜಿಎಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಈ ಪುಟ್ಟ ಗ್ರಂಥಿಗಳದ್ದೇ.

ಈಗ ಅಮ್ಮನ ಮಾತು. ಜೊಲ್ಲಿನ ಒಟ್ಟು ಪ್ರಮಾಣದಲ್ಲಿ ಸಣ್ಣ ಗ್ರಂಥಿಗಳ ಪಾಲು ನೂರಕ್ಕೆ ಹತ್ತಕ್ಕಿಂತ ಕಮ್ಮಿ. ಆದರೆ ಬಾಯಿಯ ಲೋಳೆಯಲ್ಲಿ ದೊಡ್ಡ ಪಾಲು ಇವುಗಳದ್ದು. ಆ ಲೋಳೆಯ ಜೀವಾಳ ಮ್ಯೂಸಿನ್. ಸ್ಲೈಡಿಗೆ ಪಿಎಎಸ್ ಅನ್ನುವ ಬಣ್ಣ ಹಾಕಿದರೆ, ಆಗ ಹೇಳಿದೆನಲ್ಲ ನೊರೆಯಂಥ ಬಿಳಿ ಕೋಶ, ಅದೆಲ್ಲ ಒಮ್ಮೆಗೇ ಪುನರ್ಪುಳಿ ಸಾರಿನ ಬಣ್ಣಕ್ಕೆ ತಿರುಗುತ್ತದೆ. ನಿಮ್ಮೂರಿನವರಿಗೆ ಆ ಬಣ್ಣ ವಿವರಿಸಬೇಕಾಗಿಲ್ಲ. 19 ವರ್ಷವಾದರೂ ಆ ಕ್ಷಣಕ್ಕೆ ನಾನು ಕಾಯುತ್ತೇನೆ.

ಮಾಟುಂಗಾ ಮೇಷ್ಟ್ರು · ರಾತ್ರಿ 8:30

ಬಣ್ಣ ಬರುವುದು ಸಕ್ಕರೆಯಿಂದ. ಮ್ಯೂಸಿನ್ ಒಂದು ಉದ್ದನೆಯ ಪ್ರೋಟೀನ್. ಬಾಟಲಿ ತೊಳೆಯುವ ಬ್ರಶ್ಶನ್ನು ನೆನೆಯಿರಿ. ನಡುವಿನ ತಂತಿ ಪ್ರೋಟೀನ್, ಸುತ್ತಲಿನ ಕೂದಲು ಸಕ್ಕರೆಯ ಸರಪಳಿ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಆ ಸಕ್ಕರೆಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಲೋಳೆ ಕೋಶ ಮಾಡುವ ಮುಖ್ಯ ಮ್ಯೂಸಿನ್ನಿಗೆ ಮ್ಯೂಕ್ 5ಬಿ ಅನ್ನುತ್ತಾರೆ. ಸೀರಸ್ ಕೋಶಗಳು ಮ್ಯೂಕ್ 7 ಅನ್ನುವ ಗಿಡ್ಡ ಜಾತಿ ಮಾಡುತ್ತವೆ.

ಬಾಯಿಯ ಒಳಮೈ ಮೇಲೆ ಜೊಲ್ಲಿನ ಪದರ ಇರುವುದು ಹೆಚ್ಚೆಂದರೆ ಒಂದು ಕೂದಲಿನಷ್ಟು ದಪ್ಪ. ಗಟ್ಟಿ ಅಂಗುಳದ ಮೇಲೆ ಇನ್ನೂ ತೆಳು. ಅಲ್ಲಿ ಆ ಪದರವನ್ನು ಹಿಡಿದು ನಿಲ್ಲಿಸುವುದು ಮ್ಯೂಸಿನ್. ಬರೀ ನೀರು ಕುಡಿದರೆ ಅದು ಹರಿದು ಗಂಟಲಿಗೆ ಹೋಗುತ್ತದೆ, ಅಂಗುಳದ ಮೇಲೆ ನಿಲ್ಲುವುದಿಲ್ಲ. ಬಸಳೆ ಸೊಪ್ಪಿನ ದಂಟು ಮುರಿದರೆ ಕೈ ಜಾರುತ್ತದೆ, ನಲ್ಲಿ ನೀರಿನಲ್ಲಿ ತೊಳೆದ ಕೈ ಹಾಗೆ ಜಾರುತ್ತದಾ? ನಿಮ್ಮ ತಾಯಿ ಈ ಪಾಠವನ್ನು ಐದು ಶಬ್ದದಲ್ಲಿ ಹೇಳಿದ್ದಾರೆ.

ಇನ್ನೊಂದು. ನಿದ್ದೆಯಲ್ಲಿ ದೊಡ್ಡ ಗ್ರಂಥಿಗಳು ಹೆಚ್ಚುಕಡಿಮೆ ನಿಂತುಬಿಡುತ್ತವೆ. ಸಣ್ಣವು ರಾತ್ರಿಯೂ ಜಿನುಗುತ್ತಿರುತ್ತವೆ. ಅವರು ರಾತ್ರಿ ಏಳುತ್ತಾರಾ?

ಡೊಂಬಿವಲಿ ಮಗಳು · ರಾತ್ರಿ 9:15

ಏಳುತ್ತಾರೆ ಸರ್. ರಾತ್ರಿ ಎರಡು ಮೂರು ಸಲ. ನಾಲಿಗೆ ಅಂಗುಳಕ್ಕೆ ಅಂಟಿರುತ್ತದಂತೆ, ಬಿಡಿಸಿಕೊಳ್ಳಬೇಕಂತೆ. ಅದು ಗ್ರಂಥಿಯ ವಿಷಯ ಅಂತ ನನಗೆ ಹೊಳೆದೇ ಇರಲಿಲ್ಲ. ದಿಂಬಿನ ಪಕ್ಕ ತಂಬಿಗೆ ಇಟ್ಟು ಮಲಗುತ್ತಿದ್ದೆವು, ಅಷ್ಟೇ.

ನಿಮ್ಮೆಲ್ಲರ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಅಮೈಲೇಸ್ ಭಾಗ ಎರಡು ಸಲ ಓದಿಸಿಕೊಂಡರು.

ಹುಬ್ಬಳ್ಳಿ ಪಿಂಪ್ರಿ · ರಾತ್ರಿ 10:30

ನಮ್ಮ ಅಪ್ಪ ಪಿಂಪ್ರಿಯ ಕಾರ್ಖಾನೆಯಲ್ಲಿ ಇದ್ದರು. ರಾತ್ರಿ ಪಾಳಿಯಲ್ಲಿ ನಿದ್ದೆ ಬರಬಾರದು ಅಂತ ಮಾವಾ (ಅಡಿಕೆ, ತಂಬಾಕು, ಸುಣ್ಣ ಕಲಸಿದ್ದು) ಶುರು ಮಾಡಿದ್ದು, 20 ವರ್ಷ ಬಿಡಲಿಲ್ಲ. ಈಗ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ಖಾರ ತಾಗಿದರೆ ಕಣ್ಣಲ್ಲಿ ನೀರು. ಅವರಿಗೂ ಬಾಯಿ ಒಣ. ಅದೂ ಈ ಗ್ರಂಥಿಗಳದ್ದಾ?

ಮಡಗಾಂವ್ ಹಲ್ಲು · ರಾತ್ರಿ 11:00

ಅದು ಬೇರೆ ದಾರಿಯಿಂದ ಅದೇ ಗ್ರಂಥಿಗಳಿಗೆ ಬರುವ ಪೆಟ್ಟು. ಅಡಿಕೆಯಿಂದ ಬಾಯಿಯ ಒಳಚರ್ಮದ ಅಡಿಯಲ್ಲಿ ನಾರು ಗಟ್ಟಿಯಾಗಿ ಕಟ್ಟುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಗ್ರಂಥಿಗಳು ಇರುವುದು ಆ ಪದರದಲ್ಲೇ. ನಾರಿನ ನಡುವೆ ಸಿಕ್ಕಿ ಒಣಗಿ ಸಣ್ಣಗಾಗುತ್ತವೆ. ಅಣ್ಣ, ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ಅಪ್ಪನನ್ನು ತಪ್ಪದೆ ತೋರಿಸಿ, ಆಮೇಲೂ ತೋರಿಸುತ್ತಾ ಇರಿ. ಮಾವಾ ಪೂರ್ತಿ ಬಿಟ್ಟಿದ್ದಾರಾ?

ಇಲ್ಲಿ ಗೋವಾದ ಕೆಲವು ಹಳೆಯ ಹೆಂಗಸರು ಎಲೆಯಲ್ಲಿ ತಂಬಾಕು ಸುತ್ತಿದ ಧುಮ್ಟಿ ಸೇದುತ್ತಿದ್ದರು, ಉರಿಯುವ ತುದಿಯನ್ನು ಬಾಯಿಯ ಒಳಗಿಟ್ಟು. ನಾನು ಕಲಿಯುವಾಗ ಒಬ್ಬ ಅಜ್ಜಿಯ ಅಂಗುಳ ನೋಡಿದ್ದೆ. ಇಡೀ ಅಂಗುಳ ಬೂದಿ ಬಿಳುಪು. ಅದರ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಸಣ್ಣ ಗ್ರಂಥಿಯ ಬಾಯಿ, ಉರಿದು ಊದಿಕೊಂಡದ್ದು. ಅಂಗುಳದಲ್ಲಿ ಎಷ್ಟೊಂದು ಗ್ರಂಥಿ ಇವೆ ಅನ್ನುವುದು ನನಗೆ ಪುಸ್ತಕದಿಂದ ತಿಳಿದಿರಲಿಲ್ಲ. ಆ ಅಜ್ಜಿಯ ಬಾಯಿ ನೋಡಿ ತಿಳಿಯಿತು. ಅಂಗುಳದಲ್ಲಿ ನೋವಿಲ್ಲದ ಗಡ್ಡೆ ಕಂಡರೂ ಯಾರೂ ಸುಮ್ಮನಿರಬೇಡಿ. ಸಣ್ಣ ಗ್ರಂಥಿಗಳ ಗಡ್ಡೆಗಳಲ್ಲಿ ಹತ್ತಿರ ಹತ್ತಿರ ಅರ್ಧ ಕೆಟ್ಟವು.

ಹುಬ್ಬಳ್ಳಿ ಪಿಂಪ್ರಿ · ರಾತ್ರಿ 11:10

ಬಿಟ್ಟು ಎಂಟು ತಿಂಗಳಾಯಿತು. ಈ ವಾರವೇ ಕರೆದುಕೊಂಡು ಹೋಗುತ್ತೇನೆ. ಉಪಕಾರ ಆಯಿತು ಅಕ್ಕಾ.

ಮಾಟುಂಗಾ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 7:00

ಒಂದು ಮಾತು ಬಿಟ್ಟುಹೋಗಿತ್ತು. ಪುಣೆಯವರು ಎರಡು ಕೋಶಗಳ ಬಗ್ಗೆ ಬರೆದರು. ಪುಸ್ತಕದ ಚಿತ್ರಗಳಲ್ಲಿ ಲೋಳೆಯ ಗೊಂಚಲಿನ ತುದಿಗೆ ಸೀರಸ್ ಕೋಶಗಳು ಅರ್ಧಚಂದ್ರದ ಹಾಗೆ ಟೋಪಿ ಹಾಕಿಕೊಂಡಿರುತ್ತವೆ. ಇಟಲಿಯ ಜಾನುಟ್ಸಿ 1865ರಲ್ಲಿ ಗುರುತಿಸಿದ್ದು. ನಾನೂ ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ್ದೇನೆ.

ಪ್ಯಾರಾಫಿನ್ ಪುಣೆ · ಬೆಳಿಗ್ಗೆ 7:25

ಮೇಷ್ಟ್ರೇ, ನಾನು ಬೇಕೆಂದೇ ಅದನ್ನು ಬಿಟ್ಟಿದ್ದೆ! ಆ ಅರ್ಧಚಂದ್ರದ ಬಗ್ಗೆ ನಮಗೆ ಕೆಲಸ ಕಲಿಸಿದ ಮೇಡಂ ಒಂದು ವಿಷಯ ಹೇಳಿದ್ದರು. 1999ರಲ್ಲಿ ಜಪಾನಿನವರು ಇಲಿಯ ನಾಲಿಗೆಯಡಿಯ ಗ್ರಂಥಿಯನ್ನು ಫಾರ್ಮಾಲಿನ್ನಿಗೆ ಹಾಕದೆ ಕ್ಷಣದಲ್ಲಿ ಹೆಪ್ಪುಗಟ್ಟಿಸಿ ನೋಡಿದರು. ಅರ್ಧಚಂದ್ರ ಇರಲೇ ಇಲ್ಲ. ಸೀರಸ್ ಕೋಶಗಳು ಲೋಳೆ ಕೋಶಗಳ ಪಕ್ಕದಲ್ಲೇ ಸಾಲಾಗಿ ನಿಂತಿದ್ದವು. ಮಾಮೂಲಿ ದ್ರಾವಣಕ್ಕೆ ಹಾಕಿದಾಗ ಲೋಳೆ ಕೋಶ ಉಬ್ಬುತ್ತದೆ, ಪಕ್ಕದ ಸೀರಸ್ ಕೋಶವನ್ನು ಹಿಂದಕ್ಕೆ ತಳ್ಳುತ್ತದೆ. ಅದೇ ಟೋಪಿಯ ಹಾಗೆ ಕಾಣುವುದು. ನಾವು ಸ್ಲೈಡಿನಲ್ಲಿ ನೋಡುವುದರಲ್ಲಿ ನಮ್ಮ ಕೈಯ ಕೆಲಸವೂ ಇದೆ ಅನ್ನುವುದನ್ನು ನಾನು ಆವತ್ತಿನಿಂದ ಮರೆತಿಲ್ಲ.

ಮಾಟುಂಗಾ ಮೇಷ್ಟ್ರು · ಬೆಳಿಗ್ಗೆ 7:50

ಎರಡು ದಿನದಲ್ಲಿ ಎರಡು ಪಾಠ. ಬಹಳ ಸಂತೋಷವಾಯಿತು ತಾಯಿ.

ಮಡಗಾಂವ್ ಹಲ್ಲು · ಬೆಳಿಗ್ಗೆ 10:15

ಡೊಂಬಿವಲಿ ಅಕ್ಕ, ಮನೆಯಲ್ಲೇ ನೋಡಬಹುದಾದ ಒಂದು ವಿಷಯ ಹೇಳುತ್ತೇನೆ. ಇದರಿಂದ ಕಾಯಿಲೆ ಇದೆ ಇಲ್ಲ ಅಂತ ತೀರ್ಮಾನ ಮಾಡಬೇಡಿ, ಗ್ರಂಥಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಲಿಕ್ಕೆ ಅಷ್ಟೇ. ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ಕೆಳತುಟಿ ಮಡಚಿ ಹಿಡಿಯಿರಿ. ಟಿಶ್ಯೂವಿನಿಂದ ಮೆಲ್ಲಗೆ ಒರೆಸಿ. ಬಾಯಿ ಮುಚ್ಚದೆ ಒಂದು ನಿಮಿಷ ಕಾಯಿರಿ. ಅಮ್ಮನ ಹೊಲಿಗೆ ಪೂರ್ತಿ ಮಾಗುವ ತನಕ ಅವರ ತುಟಿ ಎಳೆಯಬೇಡಿ.

ಡಾಕ್ಟರಿಗೆ ಕೇಳಬೇಕಾದದ್ದು: 2016ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರು ಒಪ್ಪಿಕೊಂಡ ಒಂದು ಅಂಕಪಟ್ಟಿ ಇದೆ. ಬಯಾಪ್ಸಿಗೆ 3 ಅಂಕ, ಎಸ್‌ಎಸ್‌ಎಗೆ 3. ಕಣ್ಣಿನ ಎರಡು ಪರೀಕ್ಷೆ ಮತ್ತು ಜೊಲ್ಲಿನ ಅಳತೆ, ಒಂದೊಂದಕ್ಕೆ 1. ಒಟ್ಟು 4 ಆಗಬೇಕು. ಅಮ್ಮನಿಗೆ ಎಸ್‌ಎಸ್‌ಎ ಇಲ್ಲ, ಬಯಾಪ್ಸಿಯ 3 ಇದೆ. ಇನ್ನೊಂದು ಬೇಕು. ಆ ಪಟ್ಟಿ ಮುಖ್ಯವಾಗಿ ಸಂಶೋಧನೆಗೆ ಮಾಡಿದ್ದು, ಕೊನೆಯ ಮಾತು ಡಾಕ್ಟರದ್ದೇ. ಆದರೂ ಕಣ್ಣು ಮತ್ತು ಜೊಲ್ಲಿನ ಅಳತೆ ಮಾಡಿಸಬೇಕಾ ಅಂತ ಕೇಳಿ. ಕಿವಿಯ ಮುಂದೆ ಊತ ಬಂದು ಇಳಿಯದೆ ಹಾಗೇ ಇದ್ದರೆ ಮರೆಯದೆ ಹೇಳಬೇಕು. ಈ ಕಾಯಿಲೆಯಲ್ಲಿ ಕೆಲವರಿಗೆ ಲಿಂಫೋಮಾ, ಅಂದರೆ ಲಿಂಫೋಸೈಟುಗಳ ಕ್ಯಾನ್ಸರ್, ಬರುವ ಸಾಧ್ಯತೆ ಇರುತ್ತದೆ, ಅದಕ್ಕೆ.

ಥಾಣೆ ಸ್ಲೋ ಲೋಕಲ್ · ರಾತ್ರಿ 9:00

ಮಗನೂ ನಾನೂ ಕನ್ನಡಿ ಮುಂದೆ ನಿಂತೆವು. ಅರ್ಧ ನಿಮಿಷಕ್ಕೆ ಸೂಜಿಮೊನೆಯಷ್ಟು ಹನಿಗಳು ಏಳತೊಡಗಿದವು. ಬೆಳಿಗ್ಗೆ ಕೆಸುವಿನ ಎಲೆ ಮೇಲೆ ಇಬ್ಬನಿ ಕೂತ ಹಾಗೆ. ಅವನ ತುಟಿಯಲ್ಲಿ ಆಪರೇಷನ್ ಆದ ಜಾಗದಲ್ಲಿ ಮಾತ್ರ ಒಂದು ಹನಿಯೂ ಇಲ್ಲ. "ಅಪ್ಪಾ, ಇಲ್ಲಿನ ನಲ್ಲಿ ತೆಗೆದಿದ್ದಾರೆ" ಅಂದ.

ಡೊಂಬಿವಲಿ ಮಗಳು · ಶುಕ್ರವಾರ ರಾತ್ರಿ 10:20

ನಿನ್ನೆ ಹೋಗಿ ಬಂದೆವು. ನಾನು ಕೇಳುವ ಮೊದಲೇ ಡಾಕ್ಟರು ಜೊಲ್ಲಿನ ಅಳತೆ ಮಾಡಿಸಿದರು. ಅಮ್ಮ ತಲೆ ಬಗ್ಗಿಸಿ ಕೂತು, ಏನೂ ಅಗಿಯದೆ, ಬಂದದ್ದನ್ನೆಲ್ಲ 15 ನಿಮಿಷ ಒಂದು ಕಪ್ಪಿಗೆ ಉಗುಳಬೇಕು. ನಿಮಿಷಕ್ಕೆ 0.1 ಮಿಲಿಲೀಟರ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಕಮ್ಮಿ ಅಂತ ಲೆಕ್ಕ. 15 ನಿಮಿಷಕ್ಕೆ ಅಮ್ಮನದು 1 ಮಿಲಿಲೀಟರ್ ಕೂಡ ತುಂಬಲಿಲ್ಲ. ಕಪ್ಪು ಹಿಡಿದುಕೊಂಡು ನನ್ನ ಮುಖ ನೋಡಿದರು, ಪರೀಕ್ಷೆಯಲ್ಲಿ ಉತ್ತರ ಬರೆಯಲಾಗದ ಮಕ್ಕಳ ಹಾಗೆ. ನನಗೆ ಕಣ್ಣು ತುಂಬಿ ಬಂತು. ಕಣ್ಣಿನ ರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸುವ ಪರೀಕ್ಷೆಯೂ ಆಯಿತು. 5 ನಿಮಿಷಕ್ಕೆ 4 ಮಿಲಿಮೀಟರ್ ಮಾತ್ರ ಒದ್ದೆಯಾಗಿತ್ತು. ಅದೂ ಕಮ್ಮಿಯೇ.

ಶೋಗ್ರೆನ್ ಅಂತ ಡಾಕ್ಟರು ಹೇಳಿದರು. ಉಳಿದಿರುವ ಗ್ರಂಥಿಗಳನ್ನು ಎಬ್ಬಿಸಲು ಪೈಲೋಕಾರ್ಪಿನ್ ಮಾತ್ರೆ ಕೊಟ್ಟಿದ್ದಾರೆ. ಬೆವರು ಜಾಸ್ತಿಯಾಗಬಹುದು ಅಂದರು. ಕೊಡುವ ಮೊದಲು ಅಸ್ತಮಾ ಇದೆಯಾ ಅಂತ ಕೇಳಿದರು, ಇಲ್ಲ. ಹಲ್ಲಿಗೆ ಫ್ಲೋರೈಡ್, ಕಣ್ಣಿಗೆ ಹನಿ. ಮೂರು ತಿಂಗಳಿಗೊಮ್ಮೆ ಬರಬೇಕು.

ಅಮ್ಮ ಡಾಕ್ಟರಿಗೂ ಅದೇ ಹೇಳಿದರು, ನೀರು ಉಂಟು, ಜಾರುವುದಿಲ್ಲ ಅಂತ. ಡಾಕ್ಟರು ಮರಾಠಿಯವರು. ನಾನು ಅರ್ಥ ಹೇಳಿದೆ. ಅವರು ಅದನ್ನು ಫೈಲಿನಲ್ಲಿ ಬರೆದುಕೊಂಡರು.

ಪುಣೆ ಅಕ್ಕಾ, ಒಂದು ಕೇಳಲಾ? ಅಮ್ಮನಿಗೆ ತಮ್ಮ ಸ್ಲೈಡ್ ನೋಡಬೇಕಂತೆ. ಇಲ್ಲಿನ ಲ್ಯಾಬಿನವರು ಸ್ಲೈಡ್ ವಾಪಸ್ ಕೊಟ್ಟಿದ್ದಾರೆ.

ಪ್ಯಾರಾಫಿನ್ ಪುಣೆ · ರಾತ್ರಿ 10:45

ಕರೆದುಕೊಂಡು ಬನ್ನಿ. ಶನಿವಾರ ಮಧ್ಯಾಹ್ನ ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಖಾಲಿ ಇರುತ್ತದೆ. ನಮ್ಮ ಡಾಕ್ಟರಿಗೆ ಹೇಳಿಟ್ಟಿರುತ್ತೇನೆ. ಸ್ಲೈಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ತನ್ನಿ, ರೈಲಿನಲ್ಲಿ ಬ್ಯಾಗಿನ ತಳಕ್ಕೆ ಹಾಕಬೇಡಿ.

ಡೊಂಬಿವಲಿ ಮಗಳು · ಮುಂದಿನ ಭಾನುವಾರ ಬೆಳಿಗ್ಗೆ 8:30

ಹೋಗಿ ಬಂದೆವು. ಕಲ್ಯಾಣದಲ್ಲಿ ಗಾಡಿ ಹತ್ತಿದ್ದರಿಂದ ಕೂರಲು ಜಾಗವೂ ಸಿಕ್ಕಿತು. ಅಮ್ಮ ಡಬ್ಬಿಯನ್ನು ಪೂರ್ತಿ ದಾರಿ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಅಕ್ಕ ಒಂದು ಕಡೆ ಕೂತರು, ಅಮ್ಮ ಎದುರಿಗೆ. ಮೊದಲು ನೀಲಿ ಗುಂಪು ತೋರಿಸಿದರು. ಅಮ್ಮ ಏನೂ ಮಾತಾಡಲಿಲ್ಲ. ಆಮೇಲೆ ಅಕ್ಕ ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದರು. ಅಲ್ಲಿ ನೊರೆಯಂಥ ಬಿಳಿ ಗೊಂಚಲುಗಳು, ನಾಲ್ಕೈದು ಒಟ್ಟಿಗೆ, ನಡುವೆ ಒಂದು ಪುಟ್ಟ ನಾಳ. "ಇದು ಉಳಿದದ್ದಾ?" ಅಂತ ಅಮ್ಮ ಕೇಳಿದರು. ಅಕ್ಕ ಹೌದು ಅಂದರು. ಅಮ್ಮ ಕಣ್ಣು ತೆಗೆಯದೆ ಅಲ್ಲೇ ನೋಡುತ್ತಾ, ಇನ್ನೂ ಸ್ವಲ್ಪ ಸರಿಸಿ ಅಂದರು, ಅದೇ ಬದಿಗೆ.